ಸ್ಟೇರಿಂಗಿಗೆ ಸುತ್ತಿದ ದಾರ

ನಮ್ಮ ಕಾರಿನ ಸ್ಟೇರಿಂಗ್ ಚಕ್ರದ ಕೆಳಗೆ, ಅದನ್ನು ಹೊತ್ತು ನಿಂತ ಕಬ್ಬಿಣದ ಕೊಳವೆಗೆ, ಓಡಿಸುವವನ ಮೊಣಕಾಲಿಗೆ ಆಗಾಗ ತಾಗುವಷ್ಟು ಹತ್ತಿರದಲ್ಲಿ, ನಿಂಬೆಹಣ್ಣಿನ ಗಾತ್ರದ ಒಂದು ದಾರದ ಉಂಡೆ ಇತ್ತು. ಇತ್ತು ಎಂದು ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ. ಇಪ್ಪತ್ತೆಂಟು ವರ್ಷ ಇದೆ ಎಂದೇ ಹೇಳಿ ರೂಢಿಯಾದ ವಸ್ತು ಅದು. ಪ್ರತಿ ಆಯುಧಪೂಜೆಯ ದಿನ ನನ್ನ ಅಕ್ಕ ಕಾರಿನ ಮುಂಭಾಗಕ್ಕೆ ವಿಭೂತಿ ಬಳಿದು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ಕೊನೆಗೆ ಒಳಗೆ ಬಗ್ಗಿ, ಅರಿಶಿನದಲ್ಲಿ ಅದ್ದಿದ ಹೊಸ ಎಳೆಯೊಂದನ್ನು ಆ ಉಂಡೆಯ ಮೇಲೆ ಸುತ್ತುತ್ತಿದ್ದಳು. ಹಳೆಯ ಎಳೆಯನ್ನು ಬಿಚ್ಚುವ ಪದ್ಧತಿ ಇರಲಿಲ್ಲ. ಹೀಗಾಗಿ ಉಂಡೆ ವರ್ಷಕ್ಕೊಂದು ಸುತ್ತು ಬೆಳೆಯುತ್ತ, ಮರದ ಕಾಂಡದ ಹಾಗೆ ತನ್ನ ವಯಸ್ಸನ್ನು ತಾನೇ ಹೊಟ್ಟೆಯೊಳಗೆ ಇಟ್ಟುಕೊಂಡಿತ್ತು.

ಕಾರಿನ ಹೆಸರು ಹೇಳದಿದ್ದರೂ ನಿಮಗೆ ಗೊತ್ತಾಗುತ್ತದೆ. ದುಂಡು ಮೂತಿ, ದುಂಡು ಬೆನ್ನು, ಸೋಫಾದಂಥ ಸೀಟು. ಒಂದು ಕಾಲದಲ್ಲಿ ಜಿಲ್ಲಾಧಿಕಾರಿಯಿಂದ ಹಿಡಿದು ಮದುವೆ ಗಂಡಿನ ತನಕ ಎಲ್ಲರೂ ಕೂತು ಇಳಿದ ಕಾರು. ನಮ್ಮ ತಂದೆ ಕೊಂಡದ್ದು. ಈಗ ತುಮಕೂರಿನ ನಮ್ಮ ಮನೆಯ ಮುಂದಿನ ಹೊಂಗೆ ಮರದ ನೆರಳಲ್ಲಿ ನಿಂತಿರುತ್ತದೆ, ತಿಂಗಳಿಗೊಮ್ಮೆ ಎಚ್ಚರವಾಗುತ್ತದೆ. ಅಮಾವಾಸ್ಯೆಯ ದಿನ ಅಕ್ಕನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಕುಣಿಗಲ್ ಮೇಲೆ ಯಡಿಯೂರಿಗೆ ಹೋಗಿ, ಸಿದ್ಧಲಿಂಗೇಶ್ವರನ ದರ್ಶನ ಮಾಡಿಸಿ ವಾಪಸು ತರುವುದು ಅದರ ಕೆಲಸ ಮತ್ತು ನನ್ನ ಕೆಲಸ. ಅಕ್ಕನಿಗೆ ಬಸ್ಸು ಆಗುವುದಿಲ್ಲ, ವಾಂತಿ. ನಮ್ಮ ಕಾರಿನಲ್ಲೂ ವೇಗದ ಮುಳ್ಳು ನಲವತ್ತು ದಾಟಿದರೆ ಸೆರಗು ಬಾಯಿಗೆ ಹೋಗುತ್ತದೆ. ಆದ್ದರಿಂದ ಇಷ್ಟು ವರ್ಷದಲ್ಲಿ ನಾನು ನಲವತ್ತು ದಾಟಿಸಿಲ್ಲ. ಸೈಕಲ್ಲಿನವರು ಕನಿಕರದಿಂದ ತಿರುಗಿ ನೋಡಿದ್ದಾರೆ.

ಯಡಿಯೂರಿನ ಈ ಹೋಗಿಬರುವಿಕೆಗೆ ಮೂಲ ಆ ದಾರದ ಉಂಡೆಯೇ. ಅಕ್ಕನ ಗಂಡ, ನನ್ನ ಭಾವ, ಗುಬ್ಬಿಯ ಶಾಲೆಯೊಂದರಲ್ಲಿ ಮರಗೆಲಸ ಕಲಿಸುವ ಮೇಷ್ಟ್ರಾಗಿದ್ದರು. ಮಾತು ಕಡಿಮೆ. ದೇವರ ವಿಷಯದಲ್ಲಿ ಅದೂ ಇಲ್ಲ. ದೇವಸ್ಥಾನಕ್ಕೆ ಎಳೆದುಕೊಂಡು ಹೋದರೆ ಒಳಗೆ ಬರದೆ ಬಾಗಿಲುವಾಡದ ಕೆತ್ತನೆ, ತಿರುಗಣಿ, ಕೀಲು ನೋಡುತ್ತ ಹೊರಗೇ ನಿಲ್ಲುವವರು. ಒಮ್ಮೆ ಗಂಡ ಹೆಂಡತಿ ನಮ್ಮ ತಂದೆಯ ಕಾರು ತೆಗೆದುಕೊಂಡು ಹಾಗಲವಾಡಿಯ ನೆಂಟರ ಮನೆಗೆ ಹೋಗಿದ್ದಾಗ ಅಕ್ಕನಿಗೆ ವಿಪರೀತ ಜ್ವರ ಬಂತು, ಮೈಮೇಲೆ ಪ್ರಜ್ಞೆ ಇಲ್ಲ. ತುಮಕೂರಿನ ಆಸ್ಪತ್ರೆಗೆ ಹೊರಟರೆ ಊರು ದಾಟುವ ಮುಂಚೆಯೇ ಕಾರು ಕೆಟ್ಟು ನಿಂತಿತು. ಭಾವ ಅರ್ಧ ದಿನ ಒದ್ದಾಡಿ ಅದೇನೋ ಸರಿ ಮಾಡಿ, ಸಂಜೆಯ ಹೊತ್ತಿಗೆ ಅವಳನ್ನು ಆಸ್ಪತ್ರೆಗೆ ಮುಟ್ಟಿಸಿದರು. ಅಕ್ಕ ಬದುಕಿದಳು. ಮನೆಗೆ ಬರುವಾಗ ಸ್ಟೇರಿಂಗಿನ ಕೆಳಗೆ ಭಾವ ಏನನ್ನೋ ಸುತ್ತಿ ಕಟ್ಟಿದ್ದನ್ನು ಕಂಡಳು. ಕಂಡು ಬೆರಗಾದಳು. ಯಾವ ದೇವರಿಗೂ ಕೈ ಎತ್ತದ ಮನುಷ್ಯ ತನಗಾಗಿ ಹರಕೆ ಕಟ್ಟಿಕೊಂಡಿದ್ದಾರೆ! ಹರಕೆ ಕಟ್ಟಿದವರನ್ನು ಅದೇನೆಂದು ಕೇಳಬಾರದು. ಕೇಳಿದರೆ ಫಲ ಹೋಗುತ್ತದೆಂದು ನಮ್ಮ ಕಡೆ ನಂಬಿಕೆ. ಅವಳು ಕೇಳಲಿಲ್ಲ. ಹನ್ನೆರಡು ದಿನ ಕಳೆಯುವಷ್ಟರಲ್ಲಿ ಭಾವ ಶಾಲೆಯಲ್ಲಿ ಪಾಠ ಮಾಡುತ್ತಿದ್ದವರು ಎದೆ ಹಿಡಿದುಕೊಂಡು ಕೂತರು, ಮತ್ತೆ ಏಳಲಿಲ್ಲ.

ಅವರು ತೀರಿಕೊಂಡ ಮೇಲೆ ಅಕ್ಕ ಮಾಡಿದ ಮೊದಲ ಕೆಲಸವೆಂದರೆ ಕಾರಿನೊಳಗೆ ಬಗ್ಗಿ, ಅವರು ಕಟ್ಟಿದ್ದನ್ನು ನೋಡಲೂ ಬಾರದೆಂದು ಕಣ್ಣು ಮುಚ್ಚಿಕೊಂಡೇ, ಅದರ ಮೇಲೆ ಅರಿಶಿನದ ದಾರ ಸುತ್ತಿದ್ದು. ನಮ್ಮ ಮನೆದೇವರು ಯಡಿಯೂರಿನವನು, ಹರಕೆ ಅಲ್ಲಿಗೇ ಇರಬೇಕೆಂದು ಅವಳೇ ತೀರ್ಮಾನಿಸಿದಳು. ಏನು ಕೇಳಿಕೊಂಡಿದ್ದರೋ ತಿಳಿಯದು, ಆದ್ದರಿಂದ ತೀರಿತೆಂದು ಹೇಳುವುದೂ ಸಾಧ್ಯವಿಲ್ಲ. ತಂದೆ ಅಷ್ಟರಲ್ಲಿ ಓಡಿಸುವುದು ಬಿಟ್ಟಿದ್ದರು. ಕೆಲವು ತಿಂಗಳು ನಿಂತಿದ್ದ ಕಾರನ್ನು ನಾನು ಕಲಿತು ಓಡಿಸತೊಡಗಿದೆ. ಅಂದಿನಿಂದ ಅಮಾವಾಸ್ಯೆಗೊಮ್ಮೆ ಯಡಿಯೂರು. ಮುನ್ನೂರು ಸಲ ದಾಟಿರಬೇಕು.

ಈಗ ನಡೆದದ್ದನ್ನು ಹೇಳುತ್ತೇನೆ. ನಾನು ಭೂಮಾಪನ ಇಲಾಖೆಯಲ್ಲಿ ಸರಪಳಿ ಎಳೆದು ನಿವೃತ್ತನಾದವನು, ಕಂಡದ್ದಕ್ಕಿಂತ ಒಂದು ಕಡ್ಡಿ ಹೆಚ್ಚು ಹೇಳಿ ಅಭ್ಯಾಸವಿಲ್ಲ.

ಕಾರಿಗೆ ಮೊದಲಿನಿಂದಲೂ ಒಂದು ಸ್ವರವಿತ್ತು. ಮೂವತ್ತು ದಾಟುತ್ತಿದ್ದಂತೆ ಕಾಲಡಿಯಿಂದ ಗುಂಯ್ ಎಂದು ಜೇನುಗೂಡಿನಂಥ ಸದ್ದು ಎದ್ದು ನಲವತ್ತರ ತನಕ ಇರುತ್ತಿತ್ತು. ನಾನು ಓಡಿಸಲು ಕಲಿತದ್ದೇ ಆ ಸದ್ದಿನ ಜೊತೆ, ಆದ್ದರಿಂದ ಅದು ಈ ಜಾತಿಯ ಕಾರಿನ ಗುಣವೆಂದೇ ತಿಳಿದಿದ್ದೆ. ಹಿಂದಿನ ಸೀಟಿನಲ್ಲಿ ಅಕ್ಕನಿಗೆ ಅದು ಜೋಗುಳ. ಕಳೆದ ಬೇಸಿಗೆಯ ಒಂದು ಅಮಾವಾಸ್ಯೆಯಂದು, ಯಡಿಯೂರಿನಿಂದ ಮರಳುವಾಗ, ಕುಣಿಗಲ್ ಕೆರೆಯ ಹತ್ತಿರ ಆ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಯಾರೋ ನೆಲದ ಕೆಳಗಿನಿಂದ ಸುತ್ತಿಗೆಯಲ್ಲಿ ಬಡಿದಂತೆ ಕಾರು ಅದುರತೊಡಗಿತು. ಕನ್ನಡಿಯಲ್ಲಿ ಅಕ್ಕನ ಮುಖ ಎರಡಾಗಿ ಕಂಡಿತು. ನಿಲ್ಲಿಸಿದೆ. ಹೇಗೆ ನಿಲ್ಲಿಸಿದೆ ಎನ್ನುವುದು ಮಾತ್ರ ನನ್ನ ನೆನಪಿನಲ್ಲಿಲ್ಲ. ಇಳಿದು ಬಗ್ಗಿ ನೋಡಿದರೆ ಗೇರ್‌ಬಾಕ್ಸಿನ ಹಿಂಬದಿಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಅಕ್ಕನನ್ನು ಬಸ್ಸಿನಲ್ಲೇ ಊರಿಗೆ ಕರೆತಂದೆ. ಅವಳು ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಳು.

ಕಾರನ್ನು ಲಾರಿಯ ಮೇಲೆ ಹೇರಿಸಿ ಗುಬ್ಬಿಯ ಬಾಷಾನ ಶೆಡ್ಡಿಗೆ ಕಳುಹಿಸಿದೆ. ಬಾಷಾ ಐವತ್ತು ದಾಟಿದ ಮೆಕ್ಯಾನಿಕ್; ಹಳೆಯ ಕಾರುಗಳೆಂದರೆ ಪ್ರಾಣ, ಮಾಲೀಕರೆಂದರೆ ತಾತ್ಸಾರ. ಶೆಡ್ಡಿನ ಮೂಲೆಯಲ್ಲಿ ಅವನದೇ ಒಂದು ಹಳೆಯ ಲೇತ್ ಯಂತ್ರವಿದೆ. ನಾನು ಹೋದಾಗ ಆಕಾಶದಲ್ಲಿ ಬಿದರೆಹಳ್ಳ ಕಾವಲಿನ ಕಾರ್ಖಾನೆಯ ಕಡೆಯಿಂದ ಬಂದ ಹೆಲಿಕಾಪ್ಟರೊಂದು ಸುತ್ತುತ್ತಿತ್ತು. ಬಾಷಾ ಅದನ್ನು ತೋರಿಸಿ, “ನೋಡಿ ಸಾರ್, ಅದಕ್ಕೂ ಅಷ್ಟೇ, ನಿಮ್ದಕ್ಕೂ ಅಷ್ಟೇ. ತಿರುಗೋದು ಏನಿದ್ರೂ ಬುಷ್ ಮೇಲೇ ನಿಂತಿರೋದು. ಅದು ಹೋದ್ರೆ ಮೇಲಿರೋನು ಕೆಳಕ್ಕೆ, ಕೆಳಗಿರೋನು ಇನ್ನೂ ಕೆಳಕ್ಕೆ” ಎಂದ.

ಬುಷ್ ಎಂದರೇನೆಂದು ನನಗೂ ಅವತ್ತೇ ಸರಿಯಾಗಿ ತಿಳಿದದ್ದು. ಇಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಒಯ್ಯಲು ಕಾರಿನ ಹೊಟ್ಟೆಯ ಕೆಳಗೆ ಉದ್ದನೆಯ ಶಾಫ್ಟು ತಿರುಗುತ್ತಿರುತ್ತದೆ. ಅದರ ಮುಂದಿನ ತುದಿ ಗೇರ್‌ಬಾಕ್ಸಿನ ಬಾಲದೊಳಗೆ ತೂರಿಕೊಂಡಿರುತ್ತದೆ. ತಿರುಗುವ ಆ ಕಬ್ಬಿಣಕ್ಕೂ ನಿಂತ ಈ ಕಬ್ಬಿಣಕ್ಕೂ ನಡುವೆ ಒಂದು ಲೋಹದ ಬಳೆ ಕೂತಿರುತ್ತದೆ, ಅದೇ ಬುಷ್. ಅದನ್ನು ಬೇಕೆಂದೇ ಮೆತ್ತನೆಯ ಲೋಹದಿಂದ ಮಾಡುತ್ತಾರೆ. ಬೆಲೆಬಾಳುವ ಎರಡು ಕಬ್ಬಿಣಗಳು ಸವೆಯದಿರಲೆಂದು ನಡುವೆ ಕೂತು ತಾನು ಸವೆಯುವುದೇ ಅದರ ಉದ್ಯೋಗ. ಅದು ಪೂರ್ತಿ ಸವೆದು ಶಾಫ್ಟು ಕಳಚಿ ಮುಂದಿನ ತುದಿ ರಸ್ತೆಗೆ ಊರಿದರೆ, ಗಣೆ ಊರಿ ಹಾರುವವನಂತೆ ಕಾರು ಹಿಂದಿನಿಂದ ಎದ್ದು ಮಗುಚುತ್ತದಂತೆ. ಬಾಷಾ ಇದನ್ನು ಚಹಾ ಹೀರುತ್ತಲೇ ಹೇಳಿದ. ನಾನು ಲೋಟ ಕೆಳಗಿಟ್ಟೆ.

ಅವನು ಕಾರಿನಡಿ ಮಲಗಿ, ಹಿಂದಿನ ನಾಲ್ಕು ಬೋಲ್ಟು ಬಿಚ್ಚಿ, ಶಾಫ್ಟನ್ನು ಎಳೆದು ಹೊರಗೆ ಮಲಗಿಸಿ, ಗೇರ್‌ಬಾಕ್ಸಿನ ಬಾಲದೊಳಗೆ ಬೆರಳು ಹಾಕಿದ. ಆಮೇಲೆ ಕೆಳಗಿನಿಂದಲೇ, “ಸಾರ್, ಇದನ್ನ ಯಾರು ಮಾಡಿದ್ದು?” ಎಂದ. ಜೋಪಾನವಾಗಿ ಅದನ್ನು ಕಳಚಿ ತಂದು, ಬನಿಯನ್ ಬಟ್ಟೆಯಲ್ಲಿ ಒರೆಸಿ ನನ್ನ ಅಂಗೈಯಲ್ಲಿಟ್ಟ. ಕಪ್ಪಗೆ, ಹೊಳೆಯುತ್ತ, ಹಗುರವಾಗಿತ್ತು. ಅಷ್ಟು ಹಗುರ ಇರಬಾರದಿತ್ತು.

“ಮರ ಸಾರ್. ಜಾಲಿ ಮರದ ಒಳಗಿನ ಚೇಗು. ಗಾಡಿ ಚಕ್ರದ ಗುಂಬ ಮಾಡೋರು ಇದನ್ನೇ ಬಳಸ್ತಿದ್ರು. ಹರಳೆಣ್ಣೇಲಿ ಬೇಯಿಸವ್ರೆ, ಇಲ್ದಿದ್ರೆ ಒಂದು ವಾರಕ್ಕೆ ಪುಡಿ ಆಗೋದು.”

ಒಂದು ಕಡೆ ಬೀಡಿ ಎಲೆಯಷ್ಟು ತೆಳ್ಳಗೆ ಸವೆದಿತ್ತು. ಅಲ್ಲೊಂದು ಕೂದಲೆಳೆಯ ಬಿರುಕು. ಇನ್ನೊಂದು ಕಡೆ ಉಳಿಯ ಗುರುತು ಇನ್ನೂ ಇತ್ತು, ಒಂದರ ಪಕ್ಕ ಒಂದು, ಸಮ ಅಂತರದಲ್ಲಿ. ಇದರ ಮೇಲೆ ಕಾರು ಎಷ್ಟು ದಿನ ಓಡಬಹುದು ಎಂದು ಕೇಳಿದೆ. ಬಾಷಾ ತಲೆ ಕೆರೆದುಕೊಂಡ. “ಓಡಲ್ಲ ಸಾರ್. ಓಡ್ಬಾರ್ದು. ಒಂದು ಊರಿಂದ ಇನ್ನೊಂದು ಊರಿಗೆ, ಅಷ್ಟೇ. ಆದ್ರೆ ಓಡೈತಲ್ಲ. ನಲವತ್ತು ದಾಟ್ಸಿಲ್ಲ ಅಂತೀರಿ, ಎಣ್ಣೆ ಒಣಗಿಸಿಲ್ಲ. ಅರವತ್ತರಲ್ಲಿ ಒಂದೇ ಒಂದು ದಿನ ಹೋಗಿದ್ರೂ ಇವತ್ತು ನನ್ನ ಜೊತೆ ಟೀ ಕುಡೀತಿರ್ಲಿಲ್ಲ ನೀವು.”

ಸ್ನೇಹಿತರೇ, ನಾನು ಆ ಬಳೆಯನ್ನು ಬೆಳಕಿಗೆ ಹಿಡಿದು ನೋಡಿದೆ. ತೆಳುವಾದ ಭಾಗದಲ್ಲಿ ಬಿರುಕಿನ ಗೆರೆಯಿಂದ ಬೆಳಕು ತೂರಿ ಬರುತ್ತಿತ್ತು. ಮುನ್ನೂರು ಅಮಾವಾಸ್ಯೆಗಳ ನಮ್ಮಿಬ್ಬರ ಭಾರ, ಅಕ್ಕನ ತೂಕಡಿಕೆ, ನನ್ನ ಶಿಳ್ಳೆ, ಕುಣಿಗಲ್ಲಿನಲ್ಲಿ ತಿಂದ ಇಡ್ಲಿ, ಎಲ್ಲವೂ ಈ ಬೆಳಕು ಬೀಳುವಷ್ಟು ತೆಳುವಾದ ಮರದ ಮೇಲೆ ಹೋಗಿ ಬಂದಿದ್ದವು. ನಾನು ಜೇನಿನ ಸದ್ದೆಂದುಕೊಂಡದ್ದು ಅದು ಸವೆಯುವ ಸದ್ದು.

“ಯಾರೋ ಕೆಲಸ ಗೊತ್ತಿರೋನೇ ಮಾಡವ್ನೆ” ಎಂದು ಬಾಷಾ ಮತ್ತೆ ಹೇಳಿದ. “ಆದ್ರೆ ಹೇಳ್ದೆ ಬಿಟ್ಟಿರಲ್ಲ. ನಮ್ಮಲ್ಲಿ ಒಂದು ಪದ್ಧತಿ ಸಾರ್. ಅರ್ಧ ಕೆಲಸ ಮಾಡಿ ಗಾಡಿ ಕೊಟ್ರೆ ಸ್ಟೇರಿಂಗ್‌ಗೆ ಒಂದು ತಂತಿ ಸುತ್ತಿ, ತಗಡಿನ ಚೀಟಿ ಕಟ್ತೀವಿ. ಯಾರು ಓಡ್ಸಕ್ಕೆ ಕೂತ್ರೂ ಮೊದ್ಲು ಅದು ಕಾಣ್ಬೇಕು. ನಿಮ್ ಗಾಡೀಲಿ ಹಂಗೇನಾದ್ರೂ...”

ಅವನ ಮಾತು ಮುಗಿಯುವ ಮುಂಚೆ ಎದ್ದೆ. ಕಾರಿನೊಳಗೆ ಕೂತು ಆ ಹಳದಿ ಉಂಡೆಯನ್ನು ಎರಡು ಬೆರಳಲ್ಲಿ ಒತ್ತಿದೆ. ಮೇಲೆ ಮೆತ್ತಗೆ. ಇನ್ನೂ ಒತ್ತಿದರೆ ಒಳಗೆ ಗಟ್ಟಿ, ಚಪ್ಪಟೆ, ಒಂದು ಅಂಚು. ಬಿಚ್ಚಲು ಕೈ ಹೋಗಿತ್ತು, ಹಿಂದೆ ತೆಗೆದೆ. ಅದು ನನ್ನದಲ್ಲ.

ಬಾಷಾನಿಗೆ ಎಲ್ಲ ಹೇಳಿದೆ. ಅವನು ಬಹಳ ಹೊತ್ತು ಸ್ಪ್ಯಾನರನ್ನು ಒರೆಸಿದ. ಆಮೇಲೆ, “ಅಕ್ಕೋರಿಗೆ ಹೇಳೋಕೆ ಭಯಾನಾ ಸಾರ್?” ಎಂದ. ಹೌದು ಎಂದೆ. “ನಂಗೂ ಭಯಾನೇ ಬುಡಿ. ಅವರ ದೇವ್ರನ್ನ ನಾನು ಬಿಚ್ಚಿ ಕೊಟ್ಟಂಗಾಯ್ತು.”

ಹೊಸ ಬುಷ್ ಅವನೇ ಕಡೆದ. ಗನ್‌ಮೆಟಲ್ ಎಂಬ ಕಂಚಿನ ಜಾತಿಯ ಲೋಹದ ತುಂಡೊಂದನ್ನು ಲೇತಿಗೆ ಕಚ್ಚಿಸಿದ ಕೂಡಲೇ ಬಂಗಾರದ ಬಣ್ಣದ ಸಿಬಿರುಗಳು ಹಾರಿ ಅವನ ಗಡ್ಡದಲ್ಲಿ ಕೂತವು. ಒಂದಿಂಚನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಎರಡು ಭಾಗದಷ್ಟು ಸಂದು ಇರಬೇಕಂತೆ, ಅದಕ್ಕಿಂತ ಕಡಿಮೆಯಾದರೆ ಹಿಡಿಯುತ್ತದೆ, ಹೆಚ್ಚಾದರೆ ಅದುರುತ್ತದೆ. ನಾನು ನೆಲ ಅಳೆದವನು. ನನ್ನ ಅಳತೆಯಲ್ಲಿ ಗೇಣು ಹೆಚ್ಚುಕಡಿಮೆಯಾದರೂ ಅಣ್ಣತಮ್ಮಂದಿರು ಒಂದು ದಿನ ಜಗಳವಾಡಿ ಸುಮ್ಮನಾಗುತ್ತಿದ್ದರು. ಕೊನೆಗೆ ಬಾಷಾ ಅಳತೆಯ ಸಾಧನವನ್ನೂ ಪಕ್ಕಕ್ಕಿಟ್ಟ. ಬುಷ್ಷಿನ ಒಂದು ಬಾಯನ್ನು ಹೆಬ್ಬೆರಳಿನಿಂದ ಮುಚ್ಚಿ ಇನ್ನೊಂದು ಕಡೆಯಿಂದ ಶಾಫ್ಟಿನ ಮೂತಿ ತೂರಿಸಿದ. ಅದು ಒಳಗೆ ಹೋಗಲು ಒಪ್ಪದೆ, ಮೆತ್ತನೆಯ ದಿಂಬನ್ನು ಒತ್ತಿದಂತೆ ಹಿಂದಕ್ಕೆ ತಳ್ಳುತ್ತಿತ್ತು. ಹೆಬ್ಬೆರಳು ತೆಗೆದ, ಫಟ್ ಎಂದು ಸಣ್ಣ ಸದ್ದಾಗಿ ಒಳಗೆ ಜಾರಿತು. “ಗಾಳಿ ಸಾರ್. ಗಾಳಿ ಸಿಕ್ಕಾಕ್ಕೊಂಡ್ರೆ ಅಳತೆ ಸರಿ.” ನನಗೂ ಮಾಡಲು ಕೊಟ್ಟ. ಮೂರು ಸಲ ಮಾಡಿದೆ. ಕಣ್ಣಿಗೆ ಕಾಣದ ಸಂದಿನಲ್ಲಿ ಸಿಕ್ಕಿಕೊಂಡ ಗಾಳಿ ನನ್ನ ಹೆಬ್ಬೆರಳನ್ನು ಒತ್ತುವಾಗ ಭಾವನ ನೆನಪು ಬಂತು: ಲೇತ್ ಇಲ್ಲ, ಅಳತೆಗೋಲಿಲ್ಲ, ಹಾಗಲವಾಡಿಯ ಯಾವುದೋ ಗಾಡಿ ಮಾಡುವವನ ಅಂಗಳ, ಪಕ್ಕದಲ್ಲಿ ಪ್ರಜ್ಞೆ ತಪ್ಪಿದ ಹೆಂಡತಿ, ಕೈಯಲ್ಲಿ ಉಳಿ. ಅವರೂ ಹೀಗೆ ಹೆಬ್ಬೆರಳು ಇಟ್ಟು ನೋಡಿರಬೇಕು. ಆ ಹೊತ್ತಿನಲ್ಲಿ ಅವರ ಕೈ ನಡುಗಲಿಲ್ಲವೆನ್ನುವುದಕ್ಕೆ ಸಮ ಅಂತರದ ಉಳಿ ಗುರುತೇ ಸಾಕ್ಷಿ.

ಕಾರನ್ನು ಮನೆಗೆ ತಂದು, ಮರದ ಬಳೆಯನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗಿಟ್ಟು, ಮೂರು ದಿನ ಸುಮ್ಮನಿದ್ದೆ. ಹೇಳದೆ ಇರಬಹುದಿತ್ತು. ಬುಷ್ ಹೊಸದಾಗಿದೆ, ದಾರ ಹಾಗೇ ಇದೆ, ಅಮಾವಾಸ್ಯೆಗಳು ಬರುತ್ತಲೇ ಇರುತ್ತವೆ. ಅಕ್ಕನಿಗೆ ಎಪ್ಪತ್ತು ದಾಟಿದೆ. ಮಕ್ಕಳಿಲ್ಲದ ಅವಳ ಬಾಳಿಗೆ ಗಂಡ ಬಿಟ್ಟುಹೋದ ಆಸ್ತಿಯೆಂದರೆ ಒಂದು ಹರಕೆ. ಮಾತೇ ಆಡದ ಮನುಷ್ಯ ತನಗಾಗಿ ದೇವರ ಹತ್ತಿರ ಮಾತಾಡಿದ ಎನ್ನುವ ಒಂದು ನಂಬಿಕೆ. ಅದನ್ನು ಬಿಚ್ಚಿ ನೋಡು ಎನ್ನಲು ನಾನು ಯಾರು? ಆದರೆ ಗಡಿಕಲ್ಲು ತಪ್ಪು ಜಾಗದಲ್ಲಿದೆ ಎಂದು ಗೊತ್ತಾದ ಮೇಲೂ ಸುಮ್ಮನೆ ಬಂದ ಭೂಮಾಪಕನಿಗೆ ನಿದ್ದೆ ಹೇಗೆ ಬಂದೀತು?

ನಾಲ್ಕನೆಯ ಬೆಳಿಗ್ಗೆ ಅಕ್ಕನೇ ಕೇಳಿದಳು. “ಏನೋ ಅದು ಕರ್ಚೀಫಲ್ಲಿ? ಮೂರು ದಿನದಿಂದ ಕದ್ದ ಬೆಲ್ಲದ ಥರ ಜೇಬಲ್ಲಿಟ್ಕೊಂಡು ಓಡಾಡ್ತಿದೀಯ.”

ಹೊಂಗೆ ಮರದ ಕೆಳಗೆ, ಕಾರಿನ ಬಾಗಿಲು ತೆರೆದು, ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಹೇಳಿದೆ. ಕ್ರಮವಾಗಿ, ಕಂಡದ್ದಷ್ಟನ್ನೇ. ಅವಳು ಕನ್ನಡಕ ಹಾಕಿಕೊಂಡು, ಬಗ್ಗಿ, ಉಂಡೆಯ ತುದಿ ಹುಡುಕಿದಳು.

ಮೇಲಿನ ಎಳೆ ಹಳದಿ. ಅದರಡಿಯದು ಮಾಸಲು. ಆಮೇಲೆ ಕಂದು, ಆಮೇಲೆ ಮಣ್ಣಿನ ಬಣ್ಣ. ಅವಳು ಒಂದೊಂದನ್ನೂ ಕತ್ತರಿಸದೆ ಗಂಟು ಬಿಡಿಸಿಯೇ ತೆಗೆದು ಮಡಿಲಿಗೆ ಹಾಕಿಕೊಂಡಳು. ಒಂದು ಗಂಟೆಯಾದರೂ ಹಿಡಿದಿರಬೇಕು. ಒಳಗಿನ ಎಳೆಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. ಕೊನೆಗೆ ಹಸಿರುಗಟ್ಟಿದ ತಾಮ್ರದ ತಂತಿ, ಮೂರು ಸುತ್ತು. ಅದರಲ್ಲಿ ಬೆರಳಗಲದ ತಗಡು. ಮೊಳೆಯಿಂದ ಚುಕ್ಕೆ ಚುಕ್ಕೆಯಾಗಿ ಬಡಿದು ಮೂಡಿಸಿದ ಅಕ್ಷರ. ಭಾವ ತಮ್ಮ ಶಾಲೆಯ ಉಳಿ, ಗರಗಸಗಳಿಗೆಲ್ಲ ಹೀಗೇ ಚುಕ್ಕೆಯಲ್ಲಿ ಹೆಸರು ಬರೆದಿಡುತ್ತಿದ್ದರು. ಅಕ್ಕ ಅದನ್ನು ಸೆರಗಿನಿಂದ ಉಜ್ಜಿ, ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದಿದಳು.

“ಮರದ ಬುಷ್. ತುಮಕೂರಲ್ಲಿ ಬದಲಿಸಿ. ಅಲ್ಲೀವರೆಗೆ ನಿಧಾನ.”

ಹೊಂಗೆಯಿಂದ ಎರಡು ಹೂವು ಬಾನೆಟ್ಟಿನ ಮೇಲೆ ಉದುರಿದವು.

“ಹರಕೆ ಅಲ್ಲ” ಎಂದಳು.

“ಅಲ್ಲ ಅಂತ ಕಾಣುತ್ತೆ ಅಕ್ಕ.”

“ಕಾಣೋದೇನ್ ಬಂತು, ಬರ್ದವ್ರಲ್ಲ.” ಕೈ ಚಾಚಿದಳು. “ಅದನ್ನ ಕೊಡಿಲ್ಲಿ.”

ಮರದ ಬಳೆಯನ್ನು ಕೊಟ್ಟೆ. ಎರಡು ಬೆರಳು ಅದರೊಳಗೆ ತೂರಿಸಿ ತಿರುಗಿಸುತ್ತ ಕೂತಳು. ನಾನು ಅವಳ ಮುಖ ನೋಡುವ ಧೈರ್ಯವಿಲ್ಲದೆ ಆ ಬೆರಳುಗಳನ್ನೇ ನೋಡುತ್ತಿದ್ದೆ. ಹರಳೆಣ್ಣೆಯಲ್ಲಿ ಬೇಯಿಸಿದ್ದಾರಂತೆ ಎಂದು, ಏನಾದರೂ ಹೇಳಬೇಕಲ್ಲ ಎಂದು, ಹೇಳಿದೆ. ತಿರುಗುತ್ತಿದ್ದ ಬಳೆ ನಿಂತಿತು.

“ಅವತ್ತು ನಾನು ಯಾರ್ದೋ ಜಗಲಿ ಮೇಲೆ ಬಿದ್ದಿದ್ದೆ ಕಣೋ. ಕಣ್ಣು ಬಿಡೋಕಾಗ್ತಿಲ್ಲ. ಹರಳೆಣ್ಣೆ ಕಾಸೋ ವಾಸನೆ. ಗರಗಸದ ಸದ್ದು. ಆಗ್ಲೇ ನಂಗೆ ಚಟ್ಟ ಕಟ್ತಾವ್ರೆ ಅಂತ ಅಂದ್ಕೊಂಡೆ. ‘ಮೇಷ್ಟ್ರೇ, ಇನ್ನೂ ಜೀವ ಐತೆ’ ಅಂತ ಕೂಗೋಣ ಅಂದ್ರೆ ಬಾಯಿ ಬರ್ಲಿಲ್ಲ.” ಬಳೆಯನ್ನು ಎತ್ತಿ ಹಿಡಿದು, “ಇದನ್ನ ಮಾಡ್ತಿದ್ರಾ?” ಎಂದಳು. ಅವಳು ಅಳುತ್ತಿದ್ದಾಳೆ ಅಂದುಕೊಂಡೆ. ನೋಡಿದರೆ ಹೆಗಲು ಕುಣಿಯುತ್ತಿತ್ತು, ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು. “ನಿಧಾನ ಅಂತೆ! ಬದುಕಿದ್ದಾಗ ನಂಗೆ ದಿನಾ ಹೇಳ್ತಿದ್ದಿದ್ದೂ ಅದೊಂದೇ ಮಾತು.”

ಆಮೇಲೆ ಮಡಿಲಿನ ದಾರಗಳನ್ನೆಲ್ಲ ಕೂಡಿಸಿ ಹೊಂಗೆಯ ಬುಡಕ್ಕೆ ಹಾಕಿ ಬಂದಳು. ಬಳೆ ಮತ್ತು ತಗಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಹಿಂದಿನ ಸೀಟಿನಲ್ಲಿ ತನ್ನ ಜಾಗದಲ್ಲಿ ಕೂತಳು.

“ಗಾಡಿ ತೆಗಿ.”

“ಎಲ್ಲಿಗೆ? ಅಮಾವಾಸ್ಯೆಗೆ ಇನ್ನೂ ವಾರ ಐತಲ್ಲ.”

“ಅದಕ್ಕೇ. ಇಷ್ಟು ವರ್ಷ ದೇವ್ರ ಮುಖಾನೇ ಸರಿಯಾಗಿ ನೋಡಿಲ್ಲ ಕಣೋ. ಬರೀ ತಲೆ ಬಗ್ಸಿ, ಮೇಷ್ಟ್ರು ಅದೇನ್ ಕೇಳ್ಕೊಂಡಿದ್ರೋ ಒಪ್ಪಿಸ್ಕೊಳಪ್ಪ ಅಂತ ಹೇಳಿ ಬರ್ತಿದ್ದೆ. ಅವರೇನೂ ಕೇಳೇ ಇಲ್ವಂತಲ್ಲ. ಇವತ್ತು ಸುಮ್ನೆ ನೋಡ್ಕೊಂಡು ಬರೋಣ.”

ಹೊರಟೆವು. ಮೂವತ್ತು ದಾಟಿದಾಗ ನನ್ನ ಪಾದಗಳು ಆ ಗುಂಯ್ ಸದ್ದಿಗೆ ಕಾದವು, ಬರಲಿಲ್ಲ. ನೆಲದ ಕೆಳಗೆ ಎಲ್ಲವೂ ತಿರುಗುತ್ತಿದೆ ಎನ್ನುವುದಕ್ಕೆ ಗುರುತೇ ಇಲ್ಲದಂಥ ಮೌನ. ಕುಣಿಗಲ್ ಕೆರೆಯ ಬಳಿ ಹೋದ ಸಲ ನಿಲ್ಲಿಸಿದ ಜಾಗ ಬಂದಾಗ ವೇಗ ಇನ್ನಷ್ಟು ಇಳಿಸಿದೆ. ಹಿಂದಿನಿಂದ ಅಕ್ಕ, “ಓಡ್ತಾ ಐತಾ?” ಎಂದಳು. ಓಡುತ್ತಿದೆ ಎಂದೆ. “ಹಂಗಾದ್ರೆ ಸರಿ” ಎಂದು ಸೀಟಿಗೆ ಒರಗಿದಳು.

ಅವಳು ತೂಕಡಿಸತೊಡಗಿದ ಮೇಲೆ ಮೊಣಕಾಲಿನ ಹತ್ತಿರ ನೋಡಿದೆ. ಕೊಳವೆಯ ಬಣ್ಣವೆಲ್ಲ ಇಷ್ಟು ವರ್ಷದ ಬಿಸಿಲಿಗೆ, ಬೆವರುಗೈಗೆ ಬೂದಿಯಾಗಿದೆ. ದಾರವಿದ್ದ ಕಡೆ ಮಾತ್ರ ಎರಡು ಬೆರಳಗಲದ ಒಂದು ಪಟ್ಟೆ, ಹಾಲಿನ ಕೆನೆಯ ಬಣ್ಣ, ತಂದೆ ಕಾರನ್ನು ಮನೆಗೆ ತಂದ ದಿನದಷ್ಟೇ ಹೊಸದಾಗಿ ಉಳಿದುಕೊಂಡಿದೆ. ಅದರ ಮೇಲೆ ತಂತಿ ಒತ್ತಿದ ಮೂರು ಸಣ್ಣ ಗೆರೆ. ಈಗ ಏನನ್ನಾದರೂ ಕಟ್ಟಬಹುದಾದ ಆ ಖಾಲಿ ಜಾಗದ ಮೇಲೆ ಒಂದು ಗಳಿಗೆ ಬೆರಳಿಟ್ಟೆ. ಮುಳ್ಳು ನಲವತ್ತರ ಹತ್ತಿರ ಬಂದಿತ್ತು. ಕಾಲು ಸಡಿಲಿಸಿದೆ.